ನಲವತ್ತೈದು ನಿಮಿಷದ ಹಾರಾಟದ ನಿಜವಾದ ಬೆಲೆ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ಆಕಾಶದ ನೇರ ದೂರ ಸುಮಾರು 305 ಕಿ.ಮೀ. ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವ ಹೆದ್ದಾರಿ ಸುಮಾರು 350 ಕಿ.ಮೀ. ದೂರದಲ್ಲಿ ಉಳಿಯುವುದು ಅಲ್ಪವೇ. ಹಾಗಾಗಿ ವಿಮಾನದ ಟಿಕೆಟ್‌ಗೆ ಕೊಡುವ ಹೆಚ್ಚಿನ ಹಣವೆಲ್ಲ ವೇಗದ ಬೆಲೆ.

ವೇಳಾಪಟ್ಟಿಯಲ್ಲಿ ಈ ಹಾರಾಟಕ್ಕೆ ಒಂದು ಗಂಟೆಯ ಮೇಲೆ ಐದು ಹತ್ತು ನಿಮಿಷ ಇರುತ್ತದೆ. ವಿಮಾನ ನಿಂತ ಜಾಗದಿಂದ ಕದಲಿದ್ದು ಮೊದಲುಗೊಂಡು ಇಳಿದ ಊರಿನಲ್ಲಿ ಮತ್ತೆ ನಿಲ್ಲುವವರೆಗಿನ ಸಮಯ ಅದು. ನಿಜಕ್ಕೂ ಗಾಳಿಯಲ್ಲಿರುವುದು ಮುಕ್ಕಾಲು ಗಂಟೆಯಷ್ಟೇ. ದೆಹಲಿಗೆ ಹೋಲಿಸಿದರೆ ಲೆಕ್ಕ ಇನ್ನೂ ತಿಳಿಯಾಗುತ್ತದೆ. ಬೆಂಗಳೂರು-ದೆಹಲಿ ನಡುವೆ ನೇರ ದೂರ ಸುಮಾರು 1,700 ಕಿ.ಮೀ., ವೇಳಾಪಟ್ಟಿಯ ಸಮಯ ಎರಡೂ ಮುಕ್ಕಾಲು ಗಂಟೆಯ ಆಸುಪಾಸು. ದೂರ ಐದೂವರೆ ಪಟ್ಟು ಹೆಚ್ಚು. ಸಮಯ ಮಾತ್ರ ಎರಡೂವರೆ ಪಟ್ಟು. ರನ್‌ವೇಗೆ ಸರದಿ ಕಾಯುವುದು, ಮೇಲೇರುವುದು, ಇಳಿಯುವುದು ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಸಣ್ಣ ಹಾದಿಯಲ್ಲಿ ವಿಮಾನ ಪೂರ್ಣ ವೇಗ ಹಿಡಿಯುವ ಹೊತ್ತಿಗೆ ಇಳಿಯುವ ಸಿದ್ಧತೆ ಶುರುವಾಗಿರುತ್ತದೆ.

ದರವೂ ಕಿಲೋಮೀಟರಿಗೆ ಇಷ್ಟು ಎಂದು ಏರುವುದಿಲ್ಲ. ನಿಲ್ದಾಣದ ಬಳಕೆದಾರರ ಶುಲ್ಕ, ಭದ್ರತಾ ಶುಲ್ಕಗಳು ತಲೆಗೆ ಇಷ್ಟೆಂದು ಬೀಳುತ್ತವೆ. ಉಳಿದದ್ದನ್ನು ನಿರ್ಧರಿಸುವುದು ಬೇಡಿಕೆ. ದಸರಾ, ದೀಪಾವಳಿಯ ವಾರದಲ್ಲಿ ಮಂಗಳೂರಿನ ಟಿಕೆಟ್ ಸಾಮಾನ್ಯ ದಿನದ ದೆಹಲಿ ಟಿಕೆಟ್ಟನ್ನೂ ಮೀರುವುದುಂಟು.

ಈ ಅಂಕಣಕಾರ ಬರೆದಿಟ್ಟುಕೊಂಡ ಒಂದು ಪ್ರಯಾಣದ ಲೆಕ್ಕ ಹೀಗಿದೆ. ಜಯನಗರದ ಮನೆ ಬಿಟ್ಟದ್ದು ಬೆಳಿಗ್ಗೆ 6.15ಕ್ಕೆ, ವಿಮಾನ ಹೊರಟದ್ದು 9.30ಕ್ಕೆ, ಮಂಗಳೂರಿನ ಹಂಪನಕಟ್ಟೆ ತಲುಪಿದ್ದು 11.40ಕ್ಕೆ. ಒಟ್ಟು ಐದು ಗಂಟೆ ಇಪ್ಪತ್ತೈದು ನಿಮಿಷ. ಟಿಕೆಟ್‌ಗೆ 3,400, ಎರಡೂ ಕಡೆಯ ಟ್ಯಾಕ್ಸಿಗೆ 1,800, ಒಟ್ಟು 5,200 ರೂಪಾಯಿ. ಅದೇ ದಾರಿಯಲ್ಲಿ ಸ್ಲೀಪರ್ ಬಸ್ಸಿಗೆ ಆಟೋ ಸೇರಿ 1,400 ರೂಪಾಯಿ, ಎಂಟು ಗಂಟೆ. ಉಳಿದದ್ದು ಎರಡು ಗಂಟೆ ಮೂವತ್ತೈದು ನಿಮಿಷ, ಅದಕ್ಕೆ ತೆತ್ತದ್ದು 3,800 ರೂಪಾಯಿ. ಗಂಟೆಗೆ ಸುಮಾರು 1,470 ರೂಪಾಯಿ ಬಿತ್ತು. ಬಸ್ಸಿನ ಎಂಟು ಗಂಟೆ ನಿದ್ದೆಯ ಹೊತ್ತಿನಲ್ಲೇ ಕಳೆಯುತ್ತದೆ, ಹೋಟೆಲಿನ ಒಂದು ರಾತ್ರಿಯ ಬಾಡಿಗೆಯೂ ತಪ್ಪುತ್ತದೆ. ವಿಮಾನ ಹಗಲಿನ ಅರ್ಧವನ್ನೇ ತಿಂದಿತ್ತು. ಬಸ್ಸಿನಲ್ಲಿ ನಿದ್ದೆ ಬಾರದವರಿಗೆ, ಸೊಂಟ ನೋವಿನವರಿಗೆ ಈ ಲೆಕ್ಕ ಒಪ್ಪುವುದಿಲ್ಲ. ಅವರಿಗೆ ಆ ಹಣ ದಂಡವಲ್ಲ.

ದೆಹಲಿಯ ವಿಷಯದಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ರಾಜಧಾನಿ ಎಕ್ಸ್‌ಪ್ರೆಸ್ಸಿಗೇ 33 ಗಂಟೆಗೂ ಹೆಚ್ಚು ಬೇಕು. ನಿಲ್ದಾಣಗಳಿಗೆ ಹೋಗಿಬರುವ ಸಮಯ ಸೇರಿಸಿದರೂ ವಿಮಾನ ಏಳೆಂಟು ಗಂಟೆಯಲ್ಲಿ ಮನೆಯಿಂದ ಮನೆಗೆ ಮುಟ್ಟಿಸುತ್ತದೆ. ಒಂದು ದಿನಕ್ಕೂ ಮಿಕ್ಕ ಸಮಯ ಕೈಗೆ ಬರುತ್ತದೆ. ರೈಲಿನ ಊಟ, ರಜೆಯ ಸಂಬಳ ಲೆಕ್ಕಕ್ಕೆ ಹಿಡಿದರೆ ದರದ ಅಂತರ ಬಹಳಷ್ಟು ಕರಗುತ್ತದೆ.

ಮಳೆಗಾಲದಲ್ಲಿ ಮಂಗಳೂರಿನ ಲೆಕ್ಕ ಬದಲಾಗುತ್ತದೆ. ಶಿರಾಡಿಯಲ್ಲಿ ಗುಡ್ಡ ಕುಸಿದರೆ ಬಸ್ಸು ಚಾರ್ಮಾಡಿ ಘಾಟಿಯ ಕಡೆ ಸುತ್ತಬೇಕು, ಇಲ್ಲವೇ ಪ್ರಯಾಣವೇ ರದ್ದು. ಗುಡ್ಡದ ನೆತ್ತಿಯಲ್ಲಿರುವ ಬಜ್ಪೆಯಲ್ಲೂ ಮೋಡ ಕವಿದರೆ ವಿಮಾನ ಬೇರೆ ಊರಿಗೆ ತಿರುಗುತ್ತದೆ. ಜುಲೈನಲ್ಲಿ ಮಂಗಳೂರಿಗೆ ಹೊರಡುವವರು, ಯಾವುದರಲ್ಲೇ ಹೋಗಲಿ, ಕೆಲಸದ ಹಿಂದಿನ ದಿನವೇ ತಲುಪುವಂತೆ ಟಿಕೆಟ್ ಮಾಡಿಸಿಕೊಳ್ಳಬೇಕು.