ಇದ್ದಿಲು ಉಳಿಸುವ ಒಲೆ: ಕೊಳ್ಳುವ ಮುಂಚೆ ತಿಳಿದುಕೊಳ್ಳೋಣ



ಕಳೆದ ಕೆಲವು ತಿಂಗಳಿಂದ ಸಂಘದ ಸಭೆಗಳಿಗೆ ಹೋದಾಗ ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ. "ಸಿಸ್ಟರ್, ಸಾಯಂಕಾಲ ಸುಟ್ಟ ಕೋಳಿ, ಸುಟ್ಟ ಮೀನು ಮಾಡಿ ಮಾರೋಣ ಅಂತಿದ್ದೀವಿ. ಇದ್ದಿಲ ಒಲೆ ಯಾವುದು ತಗೊಳ್ಳೋದು?" ಬಂಗಾರಪೇಟೆಯ ಸಂಘದವರೂ ಕೇಳಿದರು, ಚಾಂಪಿಯನ್ ರೀಫ್ ಮತ್ತು ಮಾರಿಕುಪ್ಪಂ ಕಡೆಯವರೂ ಕೇಳಿದರು.

ಕೇಳುವುದರಲ್ಲಿ ಅರ್ಥವಿದೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ನಮ್ಮ ಮನೆಗಳಿಗೆ ಗಣಿಯ ಸಂಬಳ ಇಲ್ಲ. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋದವರು ರಾತ್ರಿ ಹಸಿದುಕೊಂಡು ಇಳಿಯುತ್ತಾರೆ. ನಿಲ್ದಾಣದ ಹತ್ತಿರ, ಮನೆಯ ಹಿತ್ತಲಲ್ಲಿ, ಭಾನುವಾರ ಚರ್ಚು ಬಿಟ್ಟ ಮೇಲೆ, ಹಬ್ಬಗಳಲ್ಲಿ ಕೆಂಡದ ಮೇಲೆ ಸುಟ್ಟ ಮಾಂಸಕ್ಕೆ ಗಿರಾಕಿ ಇದ್ದಾರೆ. ಆದರೆ ಒಂದು ಸಂಘದವರು ಆರು ತಿಂಗಳು ವ್ಯಾಪಾರ ಮಾಡಿ ಪುಸ್ತಕ ತೆಗೆದು ನೋಡಿದಾಗ, ಕೋಳಿಯಲ್ಲಿ ಬಂದ ಲಾಭದ ದೊಡ್ಡ ಪಾಲು ಇದ್ದಿಲ ಅಂಗಡಿಗೇ ಹೋಗಿತ್ತು. ಆದ್ದರಿಂದ ಈ ಸಲದ ಪಾಠ ಒಲೆಯ ಬಗ್ಗೆ.

ಮೊದಲೇ ಒಂದು ಮಾತು. ದಿನದ ಅನ್ನ, ಸಾರು, ಮುದ್ದೆಗೆ ಗ್ಯಾಸ್ ಇದ್ದರೆ ಗ್ಯಾಸೇ ಒಳ್ಳೆಯದು. ಇದ್ದಿಲು ಸುಡುವ ಅಡುಗೆಗೆ ಮಾತ್ರ ಇರಲಿ.

ಶಾಖ ಎಲ್ಲಿ ಹೋಗುತ್ತದೆ?

ಒಂದು ಕಿಲೋ ಒಳ್ಳೆಯ ಇದ್ದಿಲಿನಲ್ಲಿ ಸುಮಾರು 7,000 ಕಿಲೋ ಕ್ಯಾಲೊರಿ ಶಾಖ ಇರುತ್ತದೆ. ಒಣ ಸೌದೆಯಲ್ಲಿ ಇರುವುದು ಅದರ ಅರ್ಧದಷ್ಟು. ಆದರೆ ಮಣ್ಣು ಮುಚ್ಚಿ ಸುಡುವ ಹಳೆಯ ಗೂಡಿನಲ್ಲಿ ಒಂದು ಕಿಲೋ ಇದ್ದಿಲು ಆಗಬೇಕಾದರೆ ಐದು ಕಿಲೋ ಅಥವಾ ಅದಕ್ಕೂ ಹೆಚ್ಚು ಸೌದೆ ಬೇಕು. ಅಂದರೆ ನಾವು ಒಂದು ಕಿಲೋ ಇದ್ದಿಲು ಸುಮ್ಮನೆ ಸುಟ್ಟರೆ ಐದು ಕಿಲೋ ಸೌದೆ ಸುಮ್ಮನೆ ಸುಟ್ಟಂತೆ.

ಒಲೆಯಲ್ಲಿ ಶಾಖ ಪೋಲಾಗುವುದು ಮೂರು ದಾರಿಯಲ್ಲಿ.

1. ಒಲೆಯ ಗೋಡೆಯಿಂದ. ತೆಳು ತಗಡು ತಾನೇ ಕಾದು ಸುತ್ತಲ ಗಾಳಿಯನ್ನು ಕಾಯಿಸುತ್ತದೆ. ಪಕ್ಕದಲ್ಲಿ ನಿಂತವರ ಕಾಲಿಗೆ ಬಿಸಿ ತಾಗುತ್ತದಲ್ಲ, ಅದು ನಾವು ದುಡ್ಡು ಕೊಟ್ಟು ಕೊಂಡ ಶಾಖ.

2. ಮೇಲಿನಿಂದ. ಮುಚ್ಚಳ ಇಲ್ಲದಿದ್ದರೆ ಬಿಸಿಗಾಳಿ ಮಾಂಸವನ್ನು ಸವರಿಕೊಂಡು ಆಕಾಶಕ್ಕೆ ಹೋಗುತ್ತದೆ.

3. ಬೇಡದ ಗಾಳಿಯಿಂದ. ಎಲ್ಲಾ ಕಡೆಯಿಂದ ಗಾಳಿ ನುಗ್ಗಿದರೆ ಕೆಂಡ ಬೇಗ ಉರಿದು ಬೂದಿಯಾಗುತ್ತದೆ. ವ್ಯಾಪಾರ ಮುಗಿದ ಮೇಲೂ ಉರಿಯುತ್ತಲೇ ಇರುತ್ತದೆ.

ಈ ವಿಷಯ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಅಲ್ಲಿಯವರು 1980ರ ದಶಕದಲ್ಲಿ ಮೂರು ಪಾತ್ರೆ ಕೂರುವ, ಹೊಗೆ ಕೊಳವೆ ಇರುವ 'ಅಸ್ತ್ರ ಒಲೆ' ರೂಪಿಸಿದರು. ಅದು ಸೌದೆ ಒಲೆ. ಆದರೂ ಪಾಠ ಒಂದೇ: ಬೆಂಕಿಗೆ ಬೇಕಾದಷ್ಟೇ ಗಾಳಿ, ಕೆಳಗೆ ಜಾಲರಿ, ಶಾಖ ಹಿಡಿಯುವ ಮಣ್ಣಿನ ಗೋಡೆ. ಅದೇ ದಶಕದಲ್ಲಿ ಆಫ್ರಿಕಾದ ಕೆನ್ಯಾ ದೇಶದಲ್ಲಿ 'ಜಿಕೋ' ಎಂಬ ಇದ್ದಿಲ ಒಲೆ ಬಂತು. ಹೊರಗೆ ತಗಡು, ಒಳಗೆ ಸುಟ್ಟ ಮಣ್ಣಿನ ಬಟ್ಟಲು, ಅಷ್ಟೇ. ಬರೀ ತಗಡಿನ ಒಲೆಗಿಂತ ಅದರಲ್ಲಿ ಇದ್ದಿಲು ಎಷ್ಟೋ ಕಡಿಮೆ ಸಾಕು ಎಂದು ಕಂಡ ಅಲ್ಲಿನ ಪಟ್ಟಣದ ಹೆಂಗಸರು ಅದನ್ನೇ ಹಿಡಿದರು.

ನಮ್ಮ ಕಡೆ ಸಿಗುವ ಒಲೆಗಳು

ಇಟ್ಟಿಗೆ ಮೇಲೆ ಜಾಲರಿ: ಖರ್ಚು ಇಲ್ಲ. ಆದರೆ ಮೇಲೆ ಹೇಳಿದ ಮೂರು ದಾರಿಯೂ ತೆರೆದಿರುತ್ತದೆ. ವರ್ಷಕ್ಕೆ ನಾಲ್ಕು ಸಲ ಹಬ್ಬಕ್ಕೆ ಸುಡುವವರಿಗೆ ಇದೇ ಸಾಕು, ಹೊಸದು ಕೊಳ್ಳಬೇಡಿ.

ತೆಳು ತಗಡಿನ ಉದ್ದ ಒಲೆ: ಕಬಾಬ್ ಗಾಡಿಗಳಲ್ಲಿ ನೋಡಿರುತ್ತೀರಿ. ಬೇಗ ಕಾಯುತ್ತದೆ, ಎತ್ತಿಡಲು ಹಗುರ. ಕಡ್ಡಿಗೆ ಚುಚ್ಚಿದ ಸಣ್ಣ ತುಂಡು ಹತ್ತು ನಿಮಿಷದಲ್ಲಿ ಬೇಯುವುದಾದರೆ ಸರಿ. ಮೂರು ಗಂಟೆ ನಡೆಸಿದರೆ ಇದ್ದಿಲು ನುಂಗುತ್ತದೆ.

ಮುಚ್ಚಳವಿರುವ ಡ್ರಮ್ ಒಲೆ: ಡ್ರಮ್ಮನ್ನು ಅಡ್ಡಕ್ಕೆ ಸೀಳಿ ಕೀಲು ಹಾಕಿ ವೆಲ್ಡಿಂಗ್ ಅಂಗಡಿಯವರು ಮಾಡಿಕೊಡುತ್ತಾರೆ. ಮುಚ್ಚಿ ಬೇಯಿಸಬಹುದು, ಹೊಗೆಯ ರುಚಿಯೂ ಹಿಡಿಯುತ್ತದೆ. ಇಡೀ ಕೋಳಿಗೂ ದೊಡ್ಡ ಮೀನಿಗೂ ಒಳ್ಳೆಯದು.

ಒಳಗೆ ಮಣ್ಣು ಮೆತ್ತಿದ ಮುಚ್ಚಳದ ಒಲೆ: ಕಾಯಲು ಮೊದಲು ಕಾಲು ಗಂಟೆ ಹೆಚ್ಚು ಬೇಕು. ಕಾದ ಮೇಲೆ ಶಾಖ ಹಿಡಿದುಕೊಳ್ಳುತ್ತದೆ. ಪ್ರತಿ ಸಾಯಂಕಾಲ ಎರಡು ಮೂರು ಗಂಟೆ ವ್ಯಾಪಾರ ಮಾಡುವವರಿಗೆ ಇದು ಸೂಕ್ತ. ಭಾರ ಜಾಸ್ತಿ, ಹಾಗಾಗಿ ದಿನಾ ಹೊತ್ತು ತಿರುಗುವವರಿಗೆ ಕಷ್ಟ.

ಕೊಳ್ಳುವಾಗ ನೋಡಬೇಕಾದ್ದು

ಅಳತೆ: "ದೊಡ್ಡದಿರಲಿ, ಮುಂದೆ ಬೇಕಾಗುತ್ತೆ" ಅಂತ ಕೊಳ್ಳಬೇಡಿ. ದೊಡ್ಡ ಒಲೆಯ ತಳ ತುಂಬಲು ದೊಡ್ಡ ರಾಶಿ ಇದ್ದಿಲೇ ಬೇಕು. ನಿಮ್ಮ ಸಾಮಾನ್ಯ ದಿನದ ವ್ಯಾಪಾರಕ್ಕೆ ತಕ್ಕ ಒಲೆ ಕೊಳ್ಳಿ, ಜಾತ್ರೆಯ ದಿನದ ವ್ಯಾಪಾರಕ್ಕಲ್ಲ.

ಗಾಳಿ ಬಾಗಿಲು: ಕೆಳಗೆ ಒಂದು, ಮುಚ್ಚಳದಲ್ಲಿ ಒಂದು, ಎರಡೂ ತೆರೆದು ಮುಚ್ಚುವಂತಿರಬೇಕು. ಉರಿ ಜಾಸ್ತಿ ಮಾಡಲು ಕೆಳಗಿನದನ್ನು ತೆರೆಯಿರಿ, ತಗ್ಗಿಸಲು ಅರ್ಧ ಮುಚ್ಚಿ. ಗ್ಯಾಸ್ ಒಲೆಯ ತಿರುಪಿನ ಕೆಲಸವನ್ನು ಇಲ್ಲಿ ಈ ಬಾಗಿಲು ಮಾಡುತ್ತದೆ.

ಮುಚ್ಚಳ: ಸಂದಿ ಇಲ್ಲದೆ ಕೂರಬೇಕು. ಅಂಗಡಿಯಲ್ಲೇ ಮುಚ್ಚಿ, ಒಳಗೆ ಟಾರ್ಚ್ ಇಟ್ಟು ಬೆಳಕು ಎಲ್ಲಿ ಬರುತ್ತದೆ ನೋಡಿ. ಬೆಳಕು ಬಂದ ಕಡೆ ಗಾಳಿಯೂ ಬರುತ್ತದೆ.

ಕೆಂಡದ ಜಾಲರಿ: ಇದ್ದಿಲು ನೆಲದ ಮೇಲೆ ಕೂರಬಾರದು. ಕೆಳಗೆ ಬೂದಿ ಉದುರಲು ಜಾಗ ಬೇಕು. ಬೂದಿ ಕಟ್ಟಿದರೆ ಕೆಂಡಕ್ಕೆ ಉಸಿರು ಸಿಗದೆ ಮಂಕಾಗುತ್ತದೆ, ನಾವು ಇನ್ನಷ್ಟು ಇದ್ದಿಲು ಸುರಿಯುತ್ತೇವೆ.

ಎತ್ತರ: ಕೆಂಡಕ್ಕೂ ಮಾಂಸಕ್ಕೂ ಸುಮಾರು ಒಂದು ಗೇಣು ಅಂತರ ಸಾಕು. ತೀರಾ ಹತ್ತಿರವಾದರೆ ಹೊರಗೆ ಕರಕಲು, ಒಳಗೆ ಹಸಿ. ತೀರಾ ದೂರವಾದರೆ ಇದ್ದಿಲು ದಂಡ.

ಕೈ ಪರೀಕ್ಷೆ: ಒಲೆ ಅರ್ಧ ಗಂಟೆ ಉರಿದ ಮೇಲೆ ಹೊರಗೋಡೆಯಿಂದ ಒಂದು ಗೇಣು ದೂರದಲ್ಲಿ ಕೈ ಹಿಡಿಯಿರಿ. ಹಿಡಿಯಲು ಆಗದಷ್ಟು ಬಿಸಿ ಇದ್ದರೆ ಅಷ್ಟು ಶಾಖ ಪೋಲಾಗುತ್ತಿದೆ ಎಂದು ತಿಳಿಯಿರಿ.

ಡ್ರಮ್ ಮತ್ತು ಮಣ್ಣಿನ ವಿಷಯದಲ್ಲಿ ಎಚ್ಚರ

ನಮ್ಮ ಗುಜರಿ ಅಂಗಡಿಗಳಲ್ಲಿ ಡ್ರಮ್ಮು ಅಗ್ಗವಾಗಿ ಸಿಗುತ್ತದೆ. ಒಳಗೆ ಏನು ತುಂಬಿತ್ತು ಎಂದು ಗೊತ್ತಿಲ್ಲದ ಡ್ರಮ್ಮನ್ನು ಎಷ್ಟೇ ತೊಳೆದರೂ ಅಡುಗೆಗೆ ಬಳಸಬೇಡಿ. ಖಾಲಿ ಎಣ್ಣೆ ಡ್ರಮ್ಮನ್ನು ಬೆಂಕಿಯಿಂದ ಕತ್ತರಿಸುವಾಗ ಒಳಗಿನ ಆವಿ ಸಿಡಿದು ಪ್ರಾಣ ಹೋಗಬಹುದು. ಸತುವಿನ ಲೇಪವಿರುವ ಜಿ.ಐ. ತಗಡೂ ಬೇಡ, ಚೆನ್ನಾಗಿ ಕಾದಾಗ ಅದರಿಂದ ಕೆಟ್ಟ ಹೊಗೆ ಬರುತ್ತದೆ. ಒಳಗೆ ಬಣ್ಣ ಬಳಿದದ್ದೂ ಬೇಡ. ಹೊಸ ಕಪ್ಪು ಕಬ್ಬಿಣದ ತಗಡಿನಲ್ಲಿ ಮಾಡಿಸಿ.

ಒಳಗೆ ಮಣ್ಣು ನೀವೇ ಮೆತ್ತಬಹುದು. ಕುಂಬಾರರು ಬಳಸುವ ಜೇಡಿಮಣ್ಣಿಗೆ ಭತ್ತದ ಹೊಟ್ಟು ಕಲಸಿ, ತುಳಿದು, ಎರಡು ಬೆರಳು ದಪ್ಪ ಮೆತ್ತಿ. ನೆರಳಲ್ಲಿ ಒಂದೆರಡು ವಾರ ಒಣಗಲಿ. ಬಿರುಕು ಬಿಟ್ಟರೆ ಮತ್ತೆ ಸವರಿ. ಆಮೇಲೆ ಸಣ್ಣ ಉರಿಯಲ್ಲಿ ಎರಡು ಮೂರು ಸಲ ಕಾಯಿಸಿ ಬಳಸಿ. ಆದರೆ ಕೆ.ಜಿ.ಎಫ್. ಅಕ್ಕಂದಿರೇ, ಸೈನೈಡ್ ಗುಡ್ಡದ ಮಣ್ಣು ಖಂಡಿತ ತರಬೇಡಿ. ನುಣ್ಣಗಿದೆ, ಪುಕ್ಕಟೆ ಸಿಗುತ್ತೆ ಅಂತ ಅನಿಸಬಹುದು. ಅದು ಸೈನೈಡ್ ಹಾಕಿ ಚಿನ್ನ ತೆಗೆದು ಬಿಸಾಡಿದ ಕಲ್ಲಿನ ಪುಡಿ. ಊಟ ಬೇಯುವ ಕಡೆ ಅದು ಇರಬಾರದು.

ಇದ್ದಿಲು ಆರಿಸುವುದು

ಒಳ್ಳೆಯ ಇದ್ದಿಲು ಒಂದಕ್ಕೊಂದು ತಟ್ಟಿದರೆ ಟಣ್ ಎನ್ನುತ್ತದೆ. ಮುರಿದಾಗ ಒಳಗೆ ಕಂದು ಬಣ್ಣ ಕಂಡರೆ ಅರೆಬೆಂದದ್ದು, ಹೊಗೆ ಬರುತ್ತದೆ. ಒದ್ದೆ ಇದ್ದಿಲಲ್ಲಿ ನೀರಿಗೂ ದುಡ್ಡು ಕೊಟ್ಟಂತಾಗುತ್ತದೆ. ಜಾಲಿ ಇದ್ದಿಲು ಗಟ್ಟಿ, ಹೆಚ್ಚು ಹೊತ್ತು ನಿಲ್ಲುತ್ತದೆ. ತೆಂಗಿನ ಚಿಪ್ಪಿನ ಇದ್ದಿಲು ಜೋರು ಶಾಖ ಕೊಡುತ್ತದೆ, ಹೊಗೆ ಕಡಿಮೆ. ಕಲ್ಲಿದ್ದಲು, ಪ್ಲೈವುಡ್, ಬಣ್ಣ ಬಳಿದ ಮರದ ಚೂರು ಬೇಡವೇ ಬೇಡ. ಚೀಲದ ಅಡಿಯ ಪುಡಿಯನ್ನು ಎಸೆಯಬೇಡಿ, ಮೈದಾ ಗಂಜಿ ಸೇರಿಸಿ ಉಂಡೆ ಕಟ್ಟಿ ಬಿಸಿಲಲ್ಲಿ ಒಣಗಿಸಿದರೆ ಅದೂ ಉರಿಯುತ್ತದೆ.

ಹೊತ್ತಿಸಲು ಸೀಮೆಎಣ್ಣೆ ಬೇಡ, ಮಾಂಸಕ್ಕೆ ವಾಸನೆ ಹಿಡಿಯುತ್ತದೆ, ಕೈ ಸುಡುತ್ತದೆ. ತೆಂಗಿನ ನಾರು, ಕಾಗದ ಸಾಕು. ಇದ್ದಿಲಿನ ಮೇಲೆ ಬಿಳಿ ಬೂದಿ ಕಂಡ ಮೇಲೆ ಮಾಂಸ ಇಡಿ. ಕೆಂಡವನ್ನು ಒಂದು ಕಡೆ ಒತ್ತಿ, ಮಾಂಸವನ್ನು ಇನ್ನೊಂದು ಕಡೆ ಇಟ್ಟು ಮುಚ್ಚಿದರೆ ಕೊಬ್ಬು ಬೆಂಕಿಗೆ ಬಿದ್ದು ಉರಿ ಏಳುವುದಿಲ್ಲ. ಕೋಳಿಯ ಮೂಳೆ ಪಕ್ಕ ಚುಚ್ಚಿ ನೋಡಿ. ಕೆಂಪು ನೀರು ಬಂದರೆ ಇನ್ನೂ ಬೇಯಬೇಕು.

ಲೆಕ್ಕ ಹಾಕೋಣ

ಇದು ಉದಾಹರಣೆ ಮಾತ್ರ, ನಿಮ್ಮೂರಿನ ಬೆಲೆ ಹಾಕಿ ನೀವೇ ಲೆಕ್ಕ ಮಾಡಿ. ಇದ್ದಿಲು ಕಿಲೋಗೆ 40 ರೂ. ಎಂದಿಟ್ಟುಕೊಳ್ಳೋಣ. ತಗಡಿನ ಒಲೆ 700 ರೂ., ಸಾಯಂಕಾಲಕ್ಕೆ 4 ಕಿಲೋ ಇದ್ದಿಲು ಬೇಕು. ಮಣ್ಣು ಮೆತ್ತಿದ ಮುಚ್ಚಳದ ಒಲೆ 2,600 ರೂ., ಅದಕ್ಕೆ ಎರಡೂವರೆ ಕಿಲೋ ಸಾಕು.

ಒಂದು ಸಾಯಂಕಾಲದ ಉಳಿತಾಯ ಒಂದೂವರೆ ಕಿಲೋ, ಅಂದರೆ 60 ರೂ. ಶನಿವಾರ, ಭಾನುವಾರ ಮಾತ್ರ ಮಾರಿದರೆ ತಿಂಗಳಿಗೆ 8 ದಿನ, ಉಳಿತಾಯ 480 ರೂ. ಒಲೆಯ ಬೆಲೆಯಲ್ಲಿ ಹೆಚ್ಚಾದದ್ದು 1,900 ರೂ. ಅಷ್ಟನ್ನು ಸಂಘದಿಂದ ನೂರಕ್ಕೆ ತಿಂಗಳಿಗೆ 2 ರೂ. ಬಡ್ಡಿಯಂತೆ ಪಡೆದು, ಉಳಿತಾಯದಿಂದಲೇ ತೀರಿಸುತ್ತಾ ಬಂದರೆ ಬಡ್ಡಿ ಒಟ್ಟು ಸುಮಾರು 100 ರೂ. ಆಗುತ್ತದೆ. ಐದನೆಯ ತಿಂಗಳಲ್ಲಿ ಸಾಲ ತೀರುತ್ತದೆ. ಆಮೇಲೆ ಉಳಿಯುವುದು ನಿಮ್ಮದು.

ಅದೇ ತಿಂಗಳಿಗೆ ಎರಡೇ ದಿನ ಮಾರಿದರೆ ಉಳಿತಾಯ 120 ರೂ. ಮಾತ್ರ. ಸಾಲ ತೀರಲು ಒಂದೂವರೆ ವರ್ಷಕ್ಕೂ ಹೆಚ್ಚು ಬೇಕು. ಅಂಥವರು ಮೊದಲು ಗಿರಾಕಿ ಹೆಚ್ಚಿಸಿಕೊಳ್ಳಲಿ, ಒಲೆ ಆಮೇಲೆ. ಪ್ರತಿ ದಿನ ಇದ್ದಿಲು ತೂಗಿ ಹಾಕಿ, ಉಳಿದದ್ದನ್ನೂ ತೂಗಿ ಬರೆದಿಡಿ. ತೂಗದೆ "ಸ್ವಲ್ಪಾನೇ ಆಯ್ತು" ಅನ್ನುವುದು ಲೆಕ್ಕವಲ್ಲ.

ವ್ಯಾಪಾರ ಮುಗಿದ ತಕ್ಷಣ ಎರಡೂ ಗಾಳಿ ಬಾಗಿಲು ಮುಚ್ಚಿಬಿಡಿ. ಗಾಳಿ ಇಲ್ಲದೆ ಕೆಂಡ ತಾನೇ ಆರುತ್ತದೆ, ಉಳಿದ ಇದ್ದಿಲು ನಾಳೆಗೆ ಆಗುತ್ತದೆ. ನೀರು ಸುರಿಯಬೇಡಿ, ಇದ್ದಿಲೂ ಹಾಳು, ಮಣ್ಣಿನ ಗೋಡೆಯೂ ಹಾಳು.

ಎಲ್ಲಕ್ಕಿಂತ ಮುಖ್ಯವಾದ ಮಾತು

ನಮ್ಮ ಒಂದು ಸಂಘದ ತಂಗಿ ಡಿಸೆಂಬರ್ ಚಳಿಯಲ್ಲಿ ವ್ಯಾಪಾರ ಮುಗಿಸಿ ಬಂದಳು. ಒಲೆ ಹೊರಗಿದ್ದರೆ ಕಳುವಾಗುತ್ತೆ, ಮಕ್ಕಳಿಗೂ ಬೆಚ್ಚಗಿರುತ್ತೆ ಅಂತ ಲೈನ್ ಮನೆಯ ಒಂದೇ ಕೋಣೆಯೊಳಗೆ ತಂದಿಟ್ಟು ಬಾಗಿಲು ಹಾಕಿದಳು. ಹೊಗೆ ಇರಲಿಲ್ಲ, ವಾಸನೆ ಇರಲಿಲ್ಲ. ರಾತ್ರಿ ದೊಡ್ಡ ಮಗಳು ತಲೆನೋವು ಅಂತ ಎದ್ದು ವಾಂತಿ ಮಾಡಿಕೊಂಡಳು. ತಾಯಿಗೆ ಏಳಲು ಕಾಲಲ್ಲಿ ಶಕ್ತಿ ಇರಲಿಲ್ಲ. ಮಗು ಅತ್ತಿದ್ದು ಕೇಳಿ ಪಕ್ಕದ ಮನೆಯ ಅಜ್ಜಿ ಬಾಗಿಲು ಬಡಿದು ತೆಗೆಸಿದರು. ಅದರಿಂದ ಮೂವರೂ ಉಳಿದರು.

ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಬರುತ್ತದೆ. ಅದು ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ರಕ್ತಕ್ಕೆ ಸೇರಿ ಉಸಿರಿನ ಆಮ್ಲಜನಕದ ಜಾಗ ಹಿಡಿಯುತ್ತದೆ. ಮಲಗಿದವರು ಮಲಗಿದಂತೆಯೇ ಹೋಗುತ್ತಾರೆ. ಒಲೆ ಎಷ್ಟೇ ಒಳ್ಳೆಯದಿರಲಿ, ಎಷ್ಟೇ ದುಬಾರಿಯದಿರಲಿ, ಈ ಗಾಳಿ ಬಂದೇ ಬರುತ್ತದೆ. ಮುಚ್ಚಿದ ಒಲೆಯಲ್ಲೂ ಗಂಟೆಗಟ್ಟಲೆ ಕೆಂಡ ಜೀವ ಹಿಡಿದಿರುತ್ತದೆ. ಆದ್ದರಿಂದ ಪೂರ್ತಿ ತಣ್ಣಗಾಗುವ ತನಕ ಒಲೆ ಮನೆಯೊಳಗೆ ಬರಬಾರದು. ಕಳುವಿನ ಭಯವಿದ್ದರೆ ಹೊರಗೆ ಸರಪಳಿ ಹಾಕಿ ಬೀಗ ಹಾಕಿ. ಯಾರಿಗಾದರೂ ತಲೆನೋವು, ತಲೆಸುತ್ತು, ವಾಂತಿ ಬಂದರೆ ತಕ್ಷಣ ಬಯಲಿಗೆ ಕರೆತಂದು 108ಕ್ಕೆ ಫೋನ್ ಮಾಡಿ.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಯಾರು ಯಾರು ಇದ್ದಿಲು ಬಳಸುತ್ತೇವೆ? ವಾರಕ್ಕೆ ಎಷ್ಟು ಕಿಲೋ?

2. ಎರಡು ಬೇರೆ ಒಲೆಗಳಲ್ಲಿ ಒಂದೇ ತೂಕದ ಇದ್ದಿಲು ಹಾಕಿ, ಒಂದೇ ಪಾತ್ರೆಯಲ್ಲಿ ಎರಡು ಲೀಟರ್ ನೀರು ಕಾಯಿಸಿ ನೋಡೋಣವೇ? ಯಾವುದರಲ್ಲಿ ಹೆಚ್ಚು ಹೊತ್ತು ಕುದಿಯುತ್ತದೆ?

3. ಒಬ್ಬೊಬ್ಬರೇ ಚಿಲ್ಲರೆಯಾಗಿ ಕೊಳ್ಳುವ ಬದಲು ಸಂಘದ ಹೆಸರಲ್ಲಿ ಚೀಲಗಟ್ಟಲೆ ಇದ್ದಿಲು ತರಿಸಿದರೆ ಎಷ್ಟು ಉಳಿಯುತ್ತದೆ?

4. ರಾತ್ರಿ ಒಲೆಯನ್ನು ಎಲ್ಲಿ ಇಡುತ್ತೇವೆ? ಪ್ರತಿಯೊಬ್ಬರೂ ಉತ್ತರ ಹೇಳಲೇಬೇಕು.

ನಿಮ್ಮ ಲೆಕ್ಕದ ಹಾಳೆಯನ್ನು ಮುಂದಿನ ತಿಂಗಳು ನಾವು ಬಂದಾಗ ತೋರಿಸಿ. ತಪ್ಪಿದ್ದರೂ ಪರವಾಗಿಲ್ಲ, ಕೂತು ತಿದ್ದೋಣ.