ಸ್ಟ್ರೆಸ್ ಬೇರೆ, ಲೋಡ್ ಬೇರೆ

"ಟೆನ್ಷನ್ ಮಾಡ್ಕೋಬೇಡ", "ತುಂಬಾ ಪ್ರೆಶರ್ ಇದೆ ಕಣೋ", "ಈ ಸೆಮ್ ಲೋಡ್ ಜಾಸ್ತಿ", "ಸ್ಟ್ರೆಸ್ ಆಗ್ತಿದೆ". ನಮ್ಮ ಹಾಸ್ಟೆಲ್ ಕಾರಿಡಾರ್‌ನಲ್ಲಿ ದಿನಾ ಕೇಳಿಬರುವ ಈ ನಾಲ್ಕು ಮಾತುಗಳಲ್ಲಿ ನಾಲ್ಕೂ ಮೆಕ್ಯಾನಿಕಲ್ ಬ್ರಾಂಚಿನ ಪದಗಳೇ. ಆದರೆ ಮೆಕ್ಯಾನಿಕಲ್‌ನವರು ಲ್ಯಾಬ್‌ನಲ್ಲಿ ಈ ನಾಲ್ಕನ್ನೂ ಒಂದೇ ಅರ್ಥದಲ್ಲಿ ಬಳಸಿದರೆ ರೆಕಾರ್ಡ್ ವಾಪಸ್ ಬರುತ್ತದೆ. ಜೀವನದ ವಿಷಯಕ್ಕೆ ಬಂದಾಗ ಮಾತ್ರ ನಾವೆಲ್ಲ ಎಲ್ಲವನ್ನೂ ಕಲಸಿಬಿಡ್ತೀವಿ.

ಮೊದಲು ಸೂತ್ರ ನೋಡೋಣ. 100 ಚದರ ಮಿಲಿಮೀಟರ್ ದಪ್ಪದ ಸರಳನ್ನು 10 ಕಿಲೋನ್ಯೂಟನ್ ಬಲದಿಂದ ಎಳೆದರೆ ಅದರೊಳಗಿನ ಸ್ಟ್ರೆಸ್ 100 ಮೆಗಾಪಾಸ್ಕಲ್. ಅಷ್ಟೇ ಬಲವನ್ನು ಅರ್ಧ ದಪ್ಪದ ಸರಳಿಗೆ ಹಾಕಿದರೆ 200. ಹೊರಗಿನಿಂದ ಬೀಳುವುದು ಲೋಡ್, ಒಳಗೆ ಹುಟ್ಟುವುದು ಸ್ಟ್ರೆಸ್. ಪರೀಕ್ಷೆ ಲೋಡ್, ಬ್ಯಾಕ್‌ಲಾಗ್ ಲೋಡ್, ಅಪ್ಪ ಮಾಡಿದ ಎಜುಕೇಶನ್ ಲೋನ್ ಕೂಡ ಲೋಡ್. ಅದೇ ಇಂಟರ್ನಲ್ಸ್ ಒಬ್ಬನಿಗೆ ಏನೂ ಅನ್ನಿಸದೆ, ಪಕ್ಕದ ಬೆಂಚಿನವನಿಗೆ ರಾತ್ರಿ ನಿದ್ದೆ ಬಾರದಂತೆ ಮಾಡುವುದು ಇದಕ್ಕೇ. "ಎಲ್ರೂ ಬರೀತಾರೆ, ನಿನಗೇನು ಕಷ್ಟ?" ಅನ್ನುವ ಪ್ರಶ್ನೆ ಲೋಡನ್ನು ಮಾತ್ರ ನೋಡಿ ಕೇಳಿದ್ದು. ಆ ಮನುಷ್ಯನ ಮೇಲೆ ಇನ್ನೇನೇನು ನೇತುಬಿದ್ದಿದೆ ಅಂತ ಅದಕ್ಕೆ ಗೊತ್ತಿಲ್ಲ.

ಈ ಗೊಂದಲ ನಮ್ಮಿಂದ ಶುರುವಾದದ್ದೂ ಅಲ್ಲ. ಹಾನ್ಸ್ ಸೆಲ್ಯೆ ಅನ್ನುವ ವಿಜ್ಞಾನಿ 1936ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಬರೆದರು. ಇಲಿಗಳಿಗೆ ಚಳಿ ಕೊಟ್ಟರೂ, ಗಾಯ ಮಾಡಿದರೂ, ಔಷಧಿ ಚುಚ್ಚಿದರೂ ದೇಹದೊಳಗೆ ಆಗುವ ಬದಲಾವಣೆಗಳು ಹೆಚ್ಚುಕಡಿಮೆ ಒಂದೇ: ಅಡ್ರಿನಲ್ ಗ್ರಂಥಿ ದಪ್ಪವಾಗುವುದು, ಥೈಮಸ್ ಕುಗ್ಗುವುದು, ಜಠರದಲ್ಲಿ ಹುಣ್ಣು. ಮುಂದೆ ಅವರು ಇದಕ್ಕೆ ಸ್ಟ್ರೆಸ್ ಅಂತ ಹೆಸರಿಟ್ಟರು. ತನಗೆ ಇಂಗ್ಲಿಷ್ ಇನ್ನಷ್ಟು ಚೆನ್ನಾಗಿ ಬಂದಿದ್ದರೆ ಸ್ಟ್ರೇನ್ ಅಂತ ಕರೆಯುತ್ತಿದ್ದೆ ಅಂತ ಆಮೇಲೆ ಅವರೇ ಹೇಳಿಕೊಂಡಿದ್ದೂ ಇದೆ. ಕೊನೆಗೆ ಕಾರಣಕ್ಕೆ ಸ್ಟ್ರೆಸ್ಸರ್ ಅಂತ ಬೇರೆ ಪದ ಮಾಡಬೇಕಾಯ್ತು. ಇಂಗ್ಲಿಷ್ ವೀಕು ಅಂತ ಬೇಜಾರು ಮಾಡಿಕೊಳ್ಳುವ ಗೆಳೆಯರಿಗೆ ಇದೊಂದು ಸಮಾಧಾನ.

ದೇಹದೊಳಗೆ ಆಗುವುದೇನು? ಮಿದುಳಿನ ಹೈಪೋಥಲಮಸ್ ಪಿಟ್ಯೂಟರಿಗೆ ಹೇಳುತ್ತದೆ, ಪಿಟ್ಯೂಟರಿ ಮೂತ್ರಪಿಂಡದ ನೆತ್ತಿಯ ಮೇಲೆ ಕೂತಿರುವ ಅಡ್ರಿನಲ್‌ಗೆ ಹೇಳುತ್ತದೆ, ಅಲ್ಲಿಂದ ಕಾರ್ಟಿಸಾಲ್ ಹೊರಡುತ್ತದೆ. ಇದಕ್ಕೂ ಮೊದಲೇ ನರಗಳ ಮೂಲಕ ಅಡ್ರಿನಲಿನ್ ಬಂದು ಎದೆ ಡವಡವ ಅಂದಿರುತ್ತದೆ. ರಕ್ತದಲ್ಲಿ ಸಕ್ಕರೆ ಏರುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಪರೀಕ್ಷೆ ದಿನ ಮೆಸ್ಸಿನ ಇಡ್ಲಿ ಗಂಟಲಲ್ಲಿ ಇಳಿಯದಿರುವುದಕ್ಕೆ ಇಡ್ಲಿಯೊಂದೇ ಕಾರಣವಲ್ಲ. ಕಾರ್ಟಿಸಾಲ್ ಸಾಕಷ್ಟು ಆದಮೇಲೆ ಅದೇ ಹೋಗಿ ಹೈಪೋಥಲಮಸ್‌ಗೆ "ಸಾಕು ನಿಲ್ಸು" ಅನ್ನುತ್ತದೆ. ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಬರುವ ನೆಗೆಟಿವ್ ಫೀಡ್‌ಬ್ಯಾಕ್ ಇದೇ. ವ್ಯವಸ್ಥೆಯಲ್ಲಿ ತಪ್ಪೇನಿಲ್ಲ, ಸಿಂಹ ಅಟ್ಟಿಸಿಕೊಂಡು ಬಂದಾಗ ಬೇಕಾದದ್ದೇ ಇದು. ರಾಬರ್ಟ್ ಸಪೋಲ್ಸ್ಕಿ ಜೀಬ್ರಾಗಳಿಗೆ ಯಾಕೆ ಅಲ್ಸರ್ ಆಗುವುದಿಲ್ಲ ಅಂತ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಸಿಂಹ ಹೋದಮೇಲೆ ಜೀಬ್ರಾ ಮತ್ತೆ ಹುಲ್ಲು ಮೇಯುತ್ತದೆ. ನಾವು ಮಲಗಿಕೊಂಡು ಮುಂದಿನ ತಿಂಗಳ ಸಿಂಹವನ್ನು ನೆನೆಸಿಕೊಳ್ಳುತ್ತೇವೆ, ಅದಕ್ಕೂ ಅದೇ ಕಾರ್ಟಿಸಾಲ್ ಬರುತ್ತದೆ.

ಈಗ ಕಾರಣಗಳಿಗೆ ಬರೋಣ. ನಮಗೆ ಅತಿ ಹೆಚ್ಚು ಇಷ್ಟವಾದ ಭಾಗ ಇದು. 1993ರಲ್ಲಿ ಜರ್ಮನಿಯ ಟ್ರೀರ್ ವಿಶ್ವವಿದ್ಯಾಲಯದವರು ಲ್ಯಾಬ್‌ನಲ್ಲಿ ಸ್ಟ್ರೆಸ್ ಹುಟ್ಟಿಸುವ ಒಂದು ವಿಧಾನ ಪ್ರಕಟಿಸಿದರು. ಕರೆಂಟ್ ಶಾಕ್ ಏನೂ ಇಲ್ಲ. ಸ್ವಲ್ಪ ಹೊತ್ತು ತಯಾರಿ, ಆಮೇಲೆ ಮುಖದಲ್ಲಿ ಯಾವ ಭಾವನೆಯನ್ನೂ ತೋರಿಸದ ಒಂದು ಪ್ಯಾನಲ್ ಮುಂದೆ ಕೆಲಸದ ಸಂದರ್ಶನಕ್ಕೆ ಬಂದವರಂತೆ 5 ನಿಮಿಷ ಮಾತಾಡಬೇಕು. ಅದು ಮುಗಿದ ಮೇಲೆ 1022ರಿಂದ 13 ಕಳೆಯುತ್ತಾ ಹೋಗಬೇಕು, ತಪ್ಪಿದರೆ ಮೊದಲಿನಿಂದ. ಓದಿದಾಗ ನಮಗೆ ಅನ್ನಿಸಿದ್ದು ಒಂದೇ: ಇದು ನಮ್ಮ ವೈವಾ! ನಾವು ಇದನ್ನು ಪ್ರತಿ ಸೆಮಿಸ್ಟರ್ ಮಾಡ್ತೀವಿ.

2004ರಲ್ಲಿ ಸ್ಯಾಲಿ ಡಿಕರ್ಸನ್ ಮತ್ತು ಮಾರ್ಗರೆಟ್ ಕೆಮೆನಿ ಇಂಥ 208 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕಾರ್ಟಿಸಾಲ್ ಅತಿ ಹೆಚ್ಚು ಏರಿದ್ದು ಎರಡು ಸಂಗತಿ ಸೇರಿದಾಗ: ಬೇರೆಯವರು ನಮ್ಮನ್ನು ತೂಗುತ್ತಿದ್ದಾರೆ ಅನ್ನುವುದು, ಮತ್ತು ಫಲಿತಾಂಶ ನಮ್ಮ ಕೈಯಲ್ಲಿಲ್ಲ ಅನ್ನುವುದು. ಬರೀ ಕಷ್ಟದ ಕೆಲಸ ಅಷ್ಟು ಏರಿಸುವುದಿಲ್ಲ. ಇದನ್ನು ಇಟ್ಟುಕೊಂಡು ಹದಿಹರೆಯವನ್ನು ನೋಡಿದರೆ ಬಹಳಷ್ಟು ಬಿಡಿಸಿಕೊಳ್ಳುತ್ತದೆ. ಹತ್ತನೇ ಕ್ಲಾಸಿನ ಪರ್ಸೆಂಟೇಜ್, ಸಿಇಟಿ ರ್‍ಯಾಂಕ್, ಯಾವ ಕಾಲೇಜು, ಯಾವ ಬ್ರಾಂಚ್. ಎಲ್ಲವೂ ಮದುವೆಮನೆಯಲ್ಲಿ ನೆಂಟರು ಕೇಳುವ ಪ್ರಶ್ನೆಗಳೇ. ಬ್ರಾಂಚ್ ಆರಿಸಿದ್ದು ಎಷ್ಟೋ ಮಂದಿಯ ವಿಷಯದಲ್ಲಿ ಅವರೇ ಅಲ್ಲ. ನಮ್ಮಂಥ ಇಂಗ್ಲಿಷ್ ಮೀಡಿಯಂನವರಿಗೆ ಕಾಣದ ಇನ್ನೊಂದು ಲೋಡ್ ಇದೆ. ಕನ್ನಡ ಮೀಡಿಯಂನಿಂದ ಬಂದ ಗೆಳೆಯ ಕ್ಲಾಸಿನಲ್ಲಿ ಡೌಟ್ ಕೇಳಬೇಕಾದರೆ ಮೊದಲು ಡೌಟ್, ಆಮೇಲೆ ಅದರ ಇಂಗ್ಲಿಷ್, ಆಮೇಲೆ ಯಾರಾದರೂ ನಗ್ತಾರಾ ಅನ್ನುವುದು, ಮೂರನ್ನೂ ಹೊರಬೇಕು. ಕೊನೆಗೆ ಕೇಳುವುದೇ ಇಲ್ಲ.

ವಯಸ್ಸೂ ಸೇರಿಕೊಳ್ಳುತ್ತದೆ. ಹತ್ತೊಂಬತ್ತು ಅಂದರೆ ನಾವಿನ್ನೂ ಟೀನೇಜರ್‌ಗಳೇ. ಮುಂದಾಲೋಚನೆ ಮಾಡುವ, ಭಾವನೆಗೆ ಬ್ರೇಕ್ ಹಾಕುವ ಪ್ರೀಫ್ರಂಟಲ್ ಕಾರ್ಟೆಕ್ಸ್ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿ ಕೆಲವು ವರ್ಷಗಳಾದ ಮೇಲೆ. ಜೊತೆಯವರು ಏನಂದುಕೊಳ್ತಾರೆ ಅನ್ನುವುದು ಜೀವಮಾನದಲ್ಲೇ ಹೆಚ್ಚು ಚುಚ್ಚುವ ವಯಸ್ಸೂ ಇದೇ. ಮೆಲಟೋನಿನ್ ಈ ವಯಸ್ಸಿನಲ್ಲಿ ರಾತ್ರಿ ತಡವಾಗಿ ಬರುತ್ತದೆ, ಆದ್ದರಿಂದ ಬೇಗ ನಿದ್ದೆ ಬಾರದಿರುವುದರಲ್ಲಿ ಎಲ್ಲವೂ ಮೊಬೈಲಿನ ತಪ್ಪಲ್ಲ. 13ರಿಂದ 18ರವರೆಗೆ 8ರಿಂದ 10 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ನಿದ್ರಾತಜ್ಞರು. ಎಂಟು ಗಂಟೆಗೆ ಕ್ಲಾಸ್ ಇಟ್ಟವರು ಇದನ್ನು ಓದಿಲ್ಲ.

ಇನ್ನೊಂದು ಪಾಠವನ್ನೂ ಮೆಕ್ಯಾನಿಕಲ್‌ನಿಂದಲೇ ಎರವಲು ತರಬಹುದು. 19ನೇ ಶತಮಾನದಲ್ಲಿ ರೈಲಿನ ಆಕ್ಸಲ್‌ಗಳು ಅವು ತಾಳಬಲ್ಲ ಲೋಡಿಗಿಂತ ಎಷ್ಟೋ ಕಡಿಮೆಯಲ್ಲೇ ಮುರಿಯುತ್ತಿದ್ದವು. ಆಗಸ್ಟ್ ವೋಲರ್ ಪರೀಕ್ಷೆ ಮಾಡಿ ತೋರಿಸಿದ್ದು: ಚಿಕ್ಕ ಲೋಡ್ ಲಕ್ಷಾಂತರ ಸಲ ಮರುಕಳಿಸಿದರೂ ಬಿರುಕು ಬೆಳೆಯುತ್ತದೆ. ಇದೇ ಫಟೀಗ್. ಹೊರಗಿನಿಂದ ನೋಡಿದರೆ ಕೊನೆಯವರೆಗೂ ಆಕ್ಸಲ್ ಚೆನ್ನಾಗೇ ಕಾಣುತ್ತದೆ. ಆದರೆ ಈ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ಉಕ್ಕು ರಾತ್ರಿ ಮಲಗಿ ಬೆಳಿಗ್ಗೆ ಬಿರುಕು ಮುಚ್ಚಿಕೊಳ್ಳುವುದಿಲ್ಲ. ಮೂಳೆ ಮುಚ್ಚಿಕೊಳ್ಳುತ್ತದೆ, ಹದವಾಗಿ ಭಾರ ಬಿದ್ದರೆ ಮೊದಲಿಗಿಂತ ಗಟ್ಟಿಯೂ ಆಗುತ್ತದೆ. ನಾವು ಮೂಳೆಯ ಕಡೆಯವರು. ನಡುವೆ ಬಿಡುವು ಇರಬೇಕು ಅಷ್ಟೆ.

ಹಾಗಾದರೆ ಯಾವಾಗ ಗಾಬರಿಯಾಗಬೇಕು? ಪರೀಕ್ಷೆ ಮುಗಿದ ಮೇಲೂ ಎರಡು ವಾರ ನಿದ್ದೆ, ಊಟ ಸರಿಹೋಗದಿದ್ದರೆ, ಇಷ್ಟದ ಕ್ರಿಕೆಟ್ಟೂ ಬೇಡ ಅನ್ನಿಸಿದರೆ, ರೂಮ್‌ಮೇಟ್ ಮೆಸ್ಸಿಗೆ ಬರುವುದನ್ನೇ ಬಿಟ್ಟರೆ, "ನಾನಿಲ್ಲದಿದ್ರೆ ಎಲ್ರಿಗೂ ಒಳ್ಳೇದು" ಅನ್ನುವ ಮಾತು ತಮಾಷೆಯಲ್ಲಾದರೂ ಬಂದರೆ. 2022ರಲ್ಲಿ ನಮ್ಮ ದೇಶದಲ್ಲಿ ಪ್ರಾಣ ಕಳೆದುಕೊಂಡ ವಿದ್ಯಾರ್ಥಿಗಳ ಸಂಖ್ಯೆ 13,000ಕ್ಕೂ ಹೆಚ್ಚು ಅಂತ ಸರ್ಕಾರದ ಅಪರಾಧ ದಾಖಲೆಯ ವರದಿಯೇ ಹೇಳುತ್ತದೆ. ಸಾಯುವ ಯೋಚನೆ ಬರ್ತಿದೆಯಾ ಅಂತ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಅನ್ನುವುದು ಸುಳ್ಳು. ಕೇಳಿದ್ದರಿಂದ ಎಷ್ಟೋ ಸಲ ಹಗುರವಾಗುತ್ತದೆ. ಕೇಳಿ, ಆಮೇಲೆ ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಮೋಟಿವೇಶನ್ ವಿಡಿಯೋ ಕಳಿಸಬೇಡಿ. ಗುಟ್ಟಾಗಿಡ್ತೀನಿ ಅಂತ ಮಾತು ಕೊಡಬೇಡಿ, ಒಬ್ಬರನ್ನೇ ಬಿಟ್ಟೂ ಹೋಗಬೇಡಿ.

14416 ಟೆಲಿ-ಮಾನಸ್ ನಂಬರ್. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸ್ವಂತಕ್ಕೇ ಆಗಬೇಕೆಂದಿಲ್ಲ, ಗೆಳೆಯನ ವಿಷಯಕ್ಕೂ ಫೋನ್ ಮಾಡಿ ಏನು ಮಾಡೋದು ಅಂತ ಕೇಳಬಹುದು. ಫೋನಿನಲ್ಲಿ ಸೇವ್ ಮಾಡುವಾಗ ಮೆಸ್ ಮ್ಯಾನೇಜರ್ ನಂಬರ್ ಪಕ್ಕದಲ್ಲೇ ಬರುವ ಹಾಗೆ ಹೆಸರು ಕೊಡಿ, ಬೇಗ ಸಿಗುತ್ತದೆ.