ಹಳೆಯ ಪಿಕಪ್ ಗಾಡಿಯ ಬ್ರೇಕು: ದೋಷ ಪತ್ತೆ ಮತ್ತು ದುರಸ್ತಿ

ಶಿಗ್ಗಾವಿ ತಾಲೂಕಿನ ಗೊಟಗೋಡಿಯು ಪುಣೆ–ಬೆಂಗಳೂರು ಹೆದ್ದಾರಿಯ ಬದಿಯ ಊರು. ಈ ಭಾಗದ ಗೋವಿನಜೋಳ, ಹತ್ತಿ, ಒಣ ಮೆಣಸಿನಕಾಯಿ ಇದೇ ರಸ್ತೆ ಹಿಡಿದು ಹಾವೇರಿ, ಬ್ಯಾಡಗಿ, ಹುಬ್ಬಳ್ಳಿ ಪೇಟೆಗಳಿಗೆ ಹೋಗುತ್ತವೆ. ಇದಕ್ಕಾಗಿ ಹಳೆಯ ಪಿಕಪ್ ಗಾಡಿ ಕೊಳ್ಳುವ ರೈತರು ಎಂಜಿನ್ನಿನ ಸದ್ದು ಕೇಳುತ್ತಾರೆ, ಟಯರು ನೋಡುತ್ತಾರೆ. ಬ್ರೇಕಿನ ಕಡೆಗೆ ಗಮನ ಕಡಿಮೆ. ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ. ಬ್ರೇಕು ಕೆಟ್ಟರೆ ನಿಲ್ಲುವುದಿಲ್ಲ.

ಬೆಳೆಯ ಎಲೆ ಹಳದಿಯಾದೊಡನೆ ಕಾರಣ ತಿಳಿಯದೆ ಯೂರಿಯಾ ಹಾಕುವುದು ಎಷ್ಟು ತಪ್ಪೋ, ಬ್ರೇಕ್ ಆಯಿಲ್ ಇಳಿದೊಡನೆ ಡಬ್ಬಿ ತುಂಬಿಸಿ ಸುಮ್ಮನಾಗುವುದೂ ಅಷ್ಟೇ ತಪ್ಪು. ನಮ್ಮ ಮನೆಯ ಗಾಡಿಗೂ ಹೀಗೆಯೇ ಮೂರು ಸಲ ಆಯಿಲ್ ಸುರಿದೆವು. ಕೊನೆಗೆ ಹಿಂದಿನ ಚಕ್ರ ಬಿಚ್ಚಿದಾಗ ಅದೆಲ್ಲ ಡ್ರಮ್ಮಿನೊಳಗೆ ಸೋರಿತ್ತು.

ಕೆಲಸ ಮಾಡುವ ರೀತಿ

ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರ್ ಆಯಿಲನ್ನು ಒತ್ತುತ್ತದೆ. ಆ ಒತ್ತಡ ಪೈಪುಗಳ ಮೂಲಕ ಚಕ್ರಗಳಿಗೆ ತಲುಪಿ, ಸಾಮಾನ್ಯವಾಗಿ ಮುಂದೆ ಡಿಸ್ಕಿನ ಪ್ಯಾಡುಗಳನ್ನೂ ಹಿಂದೆ ಡ್ರಮ್ಮಿನ ಶೂಗಳನ್ನೂ ಒತ್ತುತ್ತದೆ. ದ್ರವವನ್ನು ಹಿಸುಕಿ ಕುಗ್ಗಿಸಲಾಗದು, ಗಾಳಿಯನ್ನು ಕುಗ್ಗಿಸಬಹುದು. ಆದ್ದರಿಂದ ಪೈಪಿನಲ್ಲಿ ಗಾಳಿ ಸೇರಿದರೆ ಕಾಲಿನ ಬಲ ಚಕ್ರಕ್ಕೆ ಮುಟ್ಟುವುದಿಲ್ಲ.

ಲಕ್ಷಣಗಳು ಮತ್ತು ಕಾರಣಗಳು

1. ಪೆಡಲ್ ಸ್ಪಂಜಿನಂತೆ ಮೆತ್ತಗಾದರೆ: ಗಾಳಿ ಸೇರಿದೆ.

2. ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ಕೆಳಗಿಳಿದರೆ: ಎಲ್ಲಿಯೋ ಸೋರಿಕೆಯಿದೆ. ಹೊರಗೆ ಎಲ್ಲಿಯೂ ಹಸಿ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಸವೆದಿರುವ ಸಂಭವ ಹೆಚ್ಚು.

3. ಮೊದಲ ಸಲ ಆಳಕ್ಕೆ ಹೋಗಿ, ಎರಡು ಮೂರು ಸಲ ತುಳಿದ ಮೇಲೆ ಪೆಡಲ್ ಮೇಲೆ ಬಂದರೆ: ಹಿಂದಿನ ಶೂಗಳ ಅಂತರ ಹೆಚ್ಚಾಗಿರಬಹುದು. ಲೈನರ್ ಸವೆತ ನೋಡಿ ಹೊಂದಿಸಬೇಕು.

4. ಪೆಡಲ್ ಕಲ್ಲಿನಂತೆ ಗಟ್ಟಿಯಾದರೆ: ಬೂಸ್ಟರ್ ಅಥವಾ ಅದರ ಗಾಳಿ ಕೊಳವೆ ಪರೀಕ್ಷಿಸಬೇಕು. ಎಂಜಿನ್ ಆರಿಸಿ ಪೆಡಲನ್ನು ನಾಲ್ಕೈದು ಸಲ ತುಳಿದು, ಒತ್ತಿ ಹಿಡಿದೇ ಚಾಲೂ ಮಾಡಿರಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ.

5. ಗಾಡಿ ಒಂದು ಬದಿಗೆ ಎಳೆದರೆ: ಎದುರು ಬದಿಯ ಬ್ರೇಕು ಸರಿಯಾಗಿ ಹಿಡಿಯುತ್ತಿಲ್ಲ. ಆಯಿಲ್ ಹತ್ತಿದ ಲೈನರ್ ಒರೆಸಿ ಬಳಸಬಾರದು. ಎರಡೂ ಬದಿಗೆ ಜೊತೆಯಾಗಿ ಹೊಸದು ಹಾಕಬೇಕು.

6. ಒಂದೇ ಚಕ್ರ ವಿಪರೀತ ಬಿಸಿಯಾದರೆ: ಅಲ್ಲಿ ಬ್ರೇಕು ಬಿಡುತ್ತಿಲ್ಲ.

ಗಾಳಿ ತೆಗೆಯುವ ಕ್ರಮ

ಮೊದಲು ಸೋರಿಕೆ ಸರಿಪಡಿಸಬೇಕು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸಬೇಕು. ನಿಪ್ಪಲಿಗೆ ಪಾರದರ್ಶಕ ನಳಿಕೆ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಆಯಿಲ್ ಇರುವ ಸೀಸೆಯಲ್ಲಿ ಮುಳುಗಿಸಿರಿ. ಒಬ್ಬರು ಪೆಡಲ್ ಒತ್ತಿ ಹಿಡಿಯಲಿ. ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಗುಳ್ಳೆ ಹೊರಬಿದ್ದ ಮೇಲೆ ಬಿಗಿಯಬೇಕು. ಬಿಗಿದ ನಂತರವೇ ಪೆಡಲ್ ಬಿಡಬೇಕು. ಗುಳ್ಳೆ ನಿಲ್ಲುವವರೆಗೆ ಹೀಗೆ ಮಾಡಿರಿ. ಡಬ್ಬಿ ಬರಿದಾಗದಂತೆ ನೋಡಿಕೊಳ್ಳಿರಿ. ಹೊರಬಂದ ಆಯಿಲನ್ನು ಮತ್ತೆ ಬಳಸಬೇಡಿರಿ.

ಎಚ್ಚರಿಕೆಗಳು

ಎಂಜಿನ್ ಆಯಿಲನ್ನಾಗಲಿ ಡೀಸೆಲನ್ನಾಗಲಿ ಬ್ರೇಕಿನ ಡಬ್ಬಿಗೆ ಎಂದೂ ಹಾಕಬಾರದು. ರಬ್ಬರು ಉಬ್ಬಿ ಕೆಡುತ್ತದೆ. ಮುಚ್ಚಳದ ಮೇಲೆ ಸೂಚಿಸಿದ ಡಾಟ್ 3 ಅಥವಾ ಡಾಟ್ 4 ಆಯಿಲನ್ನೇ ಬಳಸಿರಿ. ಇದು ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್. ತೇವ ಹೀರಿದ ಮೇಲೆ ಅದು 140ರ ಆಸುಪಾಸಿಗೆ ಇಳಿಯಬಹುದು. ಅರಬೈಲು ಘಟ್ಟದಂತಹ ಇಳಿಜಾರಿನಲ್ಲಿ ಕಾದ ಆಯಿಲ್ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು; ಇಳಿಜಾರಿನಲ್ಲಿ ಕೆಳ ಗೇರಿನಲ್ಲಿ ಇಳಿಯಬೇಕು.

ಚಕ್ರ ಬಿಚ್ಚುವಾಗ ಬರೀ ಜಾಕನ್ನು ನಂಬಬೇಡಿರಿ. ಗಟ್ಟಿ ಆಸರೆ ಕೊಟ್ಟು, ಉಳಿದ ಚಕ್ರಗಳಿಗೆ ಕಲ್ಲು ಇಡಿರಿ. ಡ್ರಮ್ಮಿನ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಿರಿ. ಸಿಲಿಂಡರ್ ಬಿಚ್ಚುವ ಕೆಲಸವನ್ನು ಅನುಭವಿ ಮೆಕ್ಯಾನಿಕರಿಗೇ ಬಿಡುವುದು ಲೇಸು.

ಗಂಟೆಗೆ 60 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಪೆಡಲನ್ನು ಎರಡನೆಯ ಸಲ ತುಳಿಯುವಷ್ಟರಲ್ಲಿಯೇ ಅನಾಹುತ ಆಗಿಹೋಗಬಹುದು. ಆದುದರಿಂದ ರೈತ ಬಾಂಧವರು ಚೀಲ ಹೇರುವ ಮೊದಲು ಅಂಗಳದಲ್ಲಿಯೇ ಪೆಡಲ್ ತುಳಿದು, ಚಕ್ರಗಳ ಒಳಬದಿ ನೋಡಿ, ಸಂಶಯವಿದ್ದರೆ ಅಂದಿನ ಪೇಟೆಯನ್ನು ಮುಂದೂಡಬೇಕು. ಪೇಟೆ ಮತ್ತೆ ಸಿಗುತ್ತದೆ.